ಹೆಬ್ಬೆರಳಿನ ಕೆಳಗಿದ್ದ ಗಡಿಯಾರ

ನಾ ಅಂಜೋ ಪೈಕಿ ಅಲ್ಲ. ನಮ್ಮೂರಾಗ ಸಂಗ್ರಾಣಿ ಕಲ್ಲು ಎತ್ತಿ ಬೆಳ್ಳಿ ಕಡಗ ಗೆದ್ದಾವ. ಈ ಜಟ್ಟೆಪ್ಪನ ಹಿಡಿತ ಬಿಡಿಸೋ ಗಂಡಸು ಇನ್ನೂ ಹುಟ್ಟಿಲ್ಲ. ಅಂಥಾ ನಾನೇ ಹೇಳಾಕತ್ತೀನಿ ಅಂದ್ರ... ನಂಬ್ರಿ. ಇದು ಪುಣೆದಾಗ, ಧನಕವಡಿಯೊಳಗ, ನಮ್ಮ ದೊಡ್ಡಪ್ಪನ ಮಗ ಶ್ಯಾಮಣ್ಣನ ಮನ್ಯಾಗ ಆಗಿದ್ದು.

ಅವಂಗ ಹಳೇ ಕಿಸೆ ಗಡಿಯಾರ ಕೂಡಿಸೋ ಹುಚ್ಚು. ಅದರಾಗೂ ಹಂಟರ್. ಮುಖದ ಮ್ಯಾಲ ಬೆಳ್ಳಿ ಮುಚ್ಚಳ ಇರ್ತದ, ತಲಿಮ್ಯಾಗಿನ ಚಾವಿ ಗುಂಡಿ ಒತ್ತಿದ್ರ 'ಟಕ್' ಅಂತ ತೆರೀತದ. ಮುಚ್ಚೂಮುಂದ ಚಾವಿ ಒತ್ತಿ ಹಿಡದು ಮೆಲ್ಲಗ ಮುಚ್ಚಬೇಕು, ಇಲ್ಲಾಂದ್ರ ಒಳಗಿನ ಕೊಂಡಿ ಸವೀತದ. ಶ್ಯಾಮಣ್ಣಗ ಅದು ಗೊತ್ತು. ಆದ್ರೂ ಮಂದಿ ಮುಂದ ಒಂದೇ ಕೈಲೆ 'ಟಪ್' ಅಂತ ಬಡದು ಮುಚ್ಚೋದೇ ಅವನ ಗತ್ತು.

"ನನ್ನ ಸವತಿನ್ನ ಅಷ್ಟು ಬಡೀಬ್ಯಾಡ್ರಿ, ಓಡಿಹೋದಾಳು!" ಅಂತ ಅವನ ಹೆಂಡ್ತಿ, ಶರ್ವರಿ ವೈನಿ, ನಗತಿದ್ರು.

ಅವತ್ತ ಹಳೇ ಸಾಮಾನು ಮಾರೋ ಜುನಾ ಬಜಾರದಾಗ ಹೊಸಾದೊಂದು ಹಂಟರ್ ತಗೊಂಡು, ರಾತ್ರಿ ತಡಾಗಿ ನಡಕೋತ ಬರಾಕತ್ತಿದ್ದ. ದಾರ್ಯಾಗ ಆಲದ ಮರ... ಬಾಜೂಕ ಜಾಳಗಿ ಹಾಕಿದ ಬಾವಿ. ಟೈಮ್ ನೋಡಾಕ ಮುಚ್ಚಳ ತೆಗದ. ಟಕ್.

ಮುಚ್ಚಳದ ಒಳಮೈ ಕನ್ನಡಿಹಂಗ ಹೊಳೀತಿತ್ತು. ಅದರಾಗ... ಅವನ ಬೆನ್ನಹಿಂದ, ಬಾವಿ ಕಟ್ಟಿ ಮ್ಯಾಲ, ಒಬ್ಬ ಮುದುಕ ಕುಂತಿದ್ದ.

ತಿರುಗಿ ನೋಡಿದ. ಯಾರೂ ಇಲ್ಲ.

ಗೇಟಿನ ಹತ್ರ ಮತ್ತ ತೆಗದ. ಮುದುಕ ರಸ್ತೆ ದಾಟಿ ಬಂದಿದ್ದ. ಮನ್ಯಾಗ ಹೋಗಿ ತೆಗದ. ಮುದುಕ ಹೊಸ್ತಿಲದಾಗ. ಶ್ಯಾಮಣ್ಣ ಹೆದರಿ ಮುಚ್ಚಳ ಬಡದ. ಟಪ್... ಕಟಕ್. ಕೊಂಡಿ ಮುರೀತು.

ನಾ ಹಿಂದಿನ ಓಣ್ಯಾಗ ಇರ್ತಿದ್ದೆ. ಫೋನ್ ಬಂತು. ಪಿಸುಮಾತಿನ್ಯಾಗ ಮುದುಕನ ಸುದ್ದಿ ಎಲ್ಲಾ ಹೇಳಿದ.

"ಜಟ್ಟ್ಯಾ... ಮುಚ್ಚಳ ನಿಲ್ಲವಲ್ದು."

"ದಾರ ಕಟ್ಟು."

"ಹರೀತು."

"ಮುದುಕ ಎಲ್ಲಿ ಅದಾನ?"

"ನನ್ನ ದಾಟಿ ಹೋದ... ಶರ್ವರಿ ಮಾರಿ ಮ್ಯಾಲ ಬಗ್ಗ್ಯಾನೋ."

ಓಡಿದೆ. ವೈನಿ ಗಾಢ ನಿದ್ದ್ಯಾಗ ಇದ್ರು. "ಕೊಡೋ ಇಲ್ಲೆ" ಅಂತ ಗಡಿಯಾರ ಕಸಕೊಂಡು, ಮುಚ್ಚಳ ಮುಚ್ಚಿ, ಹೆಬ್ಬೆರಳು ಊರಿ ಕುಂತೆ. ತುಸು ಹೊತ್ತಿಗೆ ಒಳಗಿಂದ ಯಾರೋ ನೂಕಿದಂಗ ಆತು. ಡಬ್... ಡಬ್... ಸಣ್ಣ ಮುಷ್ಟಿಲೆ ಬಾಗಲಾ ಬಡದಂಗ.

"ಬಿಡಬ್ಯಾಡೋ," ಅಂದ ಶ್ಯಾಮಣ್ಣ.

"ಕೈ ಯಾರದಣ್ಣಾ ಇದು?"

ನಸುಕಿನ್ಯಾಗ ನೂಕೋದು ಮೆತ್ತಗಾತು. ಆಮ್ಯಾಲ ನಿಂತೇಬಿಡ್ತು. "ಸೋತ ಮುದುಕ!" ಅಂತ ನಾ ನಕ್ಕೆ. ಶ್ಯಾಮಣ್ಣ ಖುಷೀಲೆ ವೈನಿನ್ನ ಎಬ್ಬಿಸಾಕ ಹೋದ.

"ಶರ್ವರಿ... ಏ ಶರ್ವರಿ..."

ಮೈ ತಣ್ಣಗಾಗಿತ್ತು. ನಿದ್ದ್ಯಾಗ ಎದಿ ನಿಂತದ ಅಂದ್ರು ಡಾಕ್ಟರ್. ಒಂದಿನಾನೂ ಜ್ವರ ಅಂತ ಮಲಗದಾಕಿ.

ಆಮ್ಯಾಲ ಮುಚ್ಚಳ ತೆಗದ್ವಿ. ಮುದುಕ ಇದ್ದಿಲ್ಲ. ಬೆಳ್ಳಿ ಮ್ಯಾಲ ಒಳಗಿಂದ ಯಾರೋ ಊದಿದಂಗ ಮಂಜು ಕಟ್ಟಿತ್ತು. ಶ್ಯಾಮಣ್ಣ ಅಂಗಿ ಚುಂಗಿಲೆ ಒರಸಿದ. ಮತ್ತ ಕಟ್ಟಿತು... ಹೋತು... ಕಟ್ಟಿತು.

ಈಗ ಅಂವ ಉಳದ ಗಡಿಯಾರ ಎಲ್ಲಾ ಮಾರ್ಯಾನ. ಅದೊಂದನ್ನ ತೆರದು ಮುಂದಿಟ್ಕೊಂಡು, 'ಶರ್ವರಿ' ಅಂತ ಮೆಲ್ಲಗ ಕರಕೋತ ಕುಂದರ್ತಾನ. ಮುಚ್ಚಾಕ ಯಾರನ್ನೂ ಬಿಡಂಗಿಲ್ಲ. ಮೊನ್ನೆ ಹೋಗಿದ್ದೆ, ನನ್ನ ಮಾರಿ ಸೈತ ನೋಡಲಿಲ್ಲ. ಮಂಜು ಕಟ್ತಿತ್ತು, ಹೋಗತಿತ್ತು.

ಖರೇ ಅದ ಇದು. ನನ್ನ ಹೆಬ್ಬೆರಳು ಮಾತ್ರ ಆ ರಾತ್ರಿ ಒಂದು ಸಲಾನೂ ಜಾರಿಲ್ಲ.