ಮುಖ ನೋಡಿ ತೆರೆಯುವ ಬಾಗಿಲು

ಉತ್ತರದ ತೀರ್ಥಕ್ಷೇತ್ರವೊಂದರ ಕಂಟೋನ್ಮೆಂಟ್ ಸ್ಟೇಷನ್ನಿನಿಂದ ಹೊರಟ ಶೇರ್ ಆಟೋದಲ್ಲಿ ಎದುರು ಸೀಟಿನಿಂದ ಕನ್ನಡ ಕೇಳಿಸಿದ್ದೇ ತಡ, ಅಲ್ಲಿನ ಬ್ಯಾಂಕಿನಲ್ಲಿ ಕೆಲಸ ಮಾಡುವ ಕನ್ನಡತಿ ಜಯಾಳ ಕಿವಿ ಅತ್ತ ತಿರುಗಿತು. ಎದುರಿಗೆ ಕೂತಿದ್ದವನು ಶ್ರಾದ್ಧಕ್ಕೆ ಬರುವ ಯಾತ್ರಿಕರಿಗೆ ಮನೆಯಲ್ಲೇ ಕೋಣೆ ಕೊಡುವ ಪುರೋಹಿತ ಸಂಕರ್ಷಣ. ಪಕ್ಕದಲ್ಲಿ ಅವನ ತಾಯಿ ತುಳಸಮ್ಮ.

"ಕ್ಯಾಮೆರಾ ಇರ್ಲಿ. ಬಾಗಿಲಿಗೆ ಅದೇನೋ ಹೇಳ್ದನಲ್ಲೋ ಅಂಗಡಿಯವ್ನು?"

"ಮುಖ ನೋಡಿ ತೆಗೆಯೋ ಮಷೀನಮ್ಮ. ಬಂದೋರ ಮುಖ ಮೊದ್ಲೇ ತುಂಬಿಸಿಡೋದು."

"ಬೆಳಿಗ್ಗೆ ತಲೆತುಂಬ ಕೂದ್ಲು, ಮೀಸೆ ಇಟ್ಕೊಂಡು ಹೋಗ್ತಾರೆ. ಘಾಟ್‌ನಲ್ಲಿ ಕ್ಷೌರ ಆಗಿ ಬಂದ್ರೆ ನನಗೇ ಗುರುತು ಸಿಗಲ್ಲ. ಅದಕ್ಕೆ ಸಿಗತ್ತಾ?"

ಸಂಕರ್ಷಣ ಹಣೆ ಉಜ್ಜಿಕೊಂಡ.

"ಅಯ್ಯೋ, ಇದನ್ನ ಕೇಳ್ಲೇ ಇಲ್ಲ. ಹಾಗಾದ್ರೆ ಬೆರಳು ಒತ್ತೋದು?"

"ಮಡೀಲಿರೋರು ಊರೋರೆಲ್ಲ ಮುಟ್ಟಿದ್ದನ್ನ ಮುಟ್ತಾರೇನೋ?"

"ಕಾರ್ಡು?"

"ಒದ್ದೆ ಪಂಚೇಲಿ ಜೇಬೆಲ್ಲಿ?"

"ಎಲ್ಲದಕ್ಕೂ ಹೀಗಂದ್ರೆ ಹೇಗಮ್ಮ? ಕಲಬುರಗಿಯೋರ ಅಪ್ಪನ ಅಸ್ಥಿ ತಾಮ್ರದ ಚೊಂಬಿನ ಸಮೇತ ಕಳುವಾಗಿ ಹೋಯ್ತು. ಅವರಿಗೆ ಏನಂತ ಹೇಳ್ಲಿ? ಬಾಗಿಲಲ್ಲಿ ನೀನೇ ಕೂತಿದ್ದೆ, ಆದ್ರೂ…"

ಶಿವಾಲದಲ್ಲಿ ಆಟೋ ನಿಂತಿತು. ತುಳಸಮ್ಮ ಕಂಬಿ ಹಿಡಿದು ನಿಧಾನವಾಗಿ ಇಳಿದರು.

"ಆ ಕಳ್ಳನಿಗೆ ಬಾಗಿಲು ತೆಗೆದವಳೂ ನಾನೇ ಕಣೋ. ತಲೆ ಬೋಳಿಸ್ಕೊಂಡಿದ್ದ, ಮೈಯೆಲ್ಲ ಒದ್ದೆ. ನಮ್ಮಲ್ಲಿ ಇಳಿದಿರೋರೇ ಅಂದ್ಕೊಂಡು ಒಳಗೆ ಬಿಟ್ಟೆ."

ಸಂಕರ್ಷಣ ಆಟೋದವನಿಗೆ ದುಡ್ಡು ಕೊಟ್ಟು ಇಳಿದ. ಅಷ್ಟರಲ್ಲಿ ನದಿ ಕಡೆಯ ಗಲ್ಲಿಯಿಂದ ಒದ್ದೆ ಪಂಚೆಯ, ಬೋಳು ತಲೆಯ ಏಳೆಂಟು ಜನ ಬಂದರು. ಆಟೋ ಹೊರಟಾಗ ತಾಯಿ-ಮಗ ಗೋಡೆಗೆ ಒತ್ತಿ ನಿಂತು ಒಂದೊಂದೇ ಮುಖ ನೋಡುತ್ತಿದ್ದರು.