ಎಡಗಿವಿಗೆ ಹೇಳಿದ್ದು

...ಬೇಡ, ಬೇಡ, ಹೆಡ್‌ಫೋನ್ ತೆಗೀಬೇಡಿ! ಸುಮ್ನೆ ಕೂತ್ಕೊಳ್ಳಿ. ಗಾಜಿನ ಈಚೆಯಿಂದ ಮೈಕಲ್ಲಿ ಮಾತಾಡ್ತಿದ್ದೀನಿ, ನಿಮ್ಮ ಎಡಗಿವಿಗೆ ಮಾತ್ರ. ಹೌದು, ಆ ಕಿವುಡು ಕಿವಿಗೇ! ಹ್ಞಾಂ... ಬೆಚ್ಚಿಬಿದ್ರಲ್ಲ. ಕೇಳಿಸ್ತಿದೆ ಅಂತಾಯ್ತು.

ಹೇಗೆ ಸಿಕ್ಕಿಬಿದ್ದೆ ಅಂತ ಯೋಚನೆನಾ? ಹೇಳ್ತೀನಿ. ಪರೀಕ್ಷೆ ಕೊನೇಲಿ ಒಂದೇ ಸ್ವರಾನ ಒಟ್ಟಿಗೆ ಎರಡೂ ಕಿವಿಗೆ ಬಿಟ್ಟೆ. ಬಲಗಡೆ ಮೆಲ್ಲಗೆ, ಎಡಗಡೆ ಜೋರಾಗಿ. ಎರಡೂ ಕಿವಿ ನೆಟ್ಟಗಿದ್ದವರಿಗೆ ಜೋರಿನ ಕಡೆಯದು ಮಾತ್ರ ಗೊತ್ತಾಗೋದು. ಎಡಗಿವಿ ನಿಜವಾಗ್ಲೂ ಹೋಗಿದ್ರೆ, ಬಲಗಡೆಯದನ್ನ ಕೇಳಿಸ್ಕೊಂಡು ನೀವು ಗುಂಡಿ ಒತ್ತಬೇಕಿತ್ತು. ಮೊದಲು ಬಲಗಿವಿಗೆ ಮಾತ್ರ ಬಿಟ್ಟಾಗ ಅಷ್ಟೇ ಮೆಲ್ಲನೆಯ ಸ್ವರಕ್ಕೆ ಚಕ್ಕಂತ ಒತ್ತಿದ್ರಲ್ಲ! ಈ ಸಲ ಎಡಗಡೆ ಕೇಳಿಸಿದ್ದಕ್ಕೇ ಕಲ್ಲಿನ ಹಾಗೆ ಕೂತ್ರಿ. ದಿನ ಬೆಳಗಾದ್ರೆ ಊರವರ ಕಿವಿ ಪರೀಕ್ಷೆ ಮಾಡೋಳು ನಾನು... ನನ್ನ ಕಿವಿ ಮೇಲೇ ಹೂವಿಟ್ಟಿರಲ್ರೀ!

ನಗಬೇಡಿ! ನಗೋ ಮಾತಾ ಇದು?

ಕಾರ್ಖಾನೇಲಿ ಬಾಯ್ಲರ್ ಸಿಡಿದಾಗ ಕಿವಿ ಹೋಗಿದ್ದು ನಿಜ, ಒಪ್ಪಿದೆ. ಆಮೇಲೆ ಯಾವಾಗ್ಲೋ ವಾಪಸ್ ಬಂತು. ಬಂತು ಅಂತ ಹೇಳೋಕೇನಾಗಿತ್ತು? ಏನು, ನನ್ನ ಕಡೆ ಬೆರಳು ತೋರಿಸ್ತೀರಾ? ನನ್ನ ಬಾಯಿಗೆ ಹೆದರಿ ಅಂತಾನಾ? ಇವತ್ತು ನಿಮ್ಮನ್ನ ಯಾಕೆ ಎಳ್ಕೊಂಡು ಬಂದೆ ಗೊತ್ತಾ? ಪಾಪ, ಆ ಕಿವಿಗೊಂದು ಮಿಷನ್ ಹಾಕಿಸೋಣ ಅಂತ. ಪಾಪವಂತೆ ಪಾಪ!

ಭಾನುವಾರ ಮಧ್ಯಾಹ್ನ ಬಲಗಿವಿ ದಿಂಬಿಗೊತ್ತಿ ಮಲಗ್ತಿದ್ರಿ. ನಾನು ಪಕ್ಕದಲ್ಲಿ ಬಟ್ಟೆ ಮಡಚ್ತಾ, ಆ ಎಡಗಿವಿಗೆ ಎಲ್ಲಾ ಹೇಳ್ಕೊಳ್ತಿದ್ದೆ. ಯಾರ ಹತ್ರಾನೂ ಹೇಳಲಾಗದ್ದು... ಗೋಡೆಗೆ ಹೇಳಿದ ಹಾಗೆ. ಅತ್ತೇನ ಬೈದದ್ದು, ನಾದಿನೀನ ಬೈದದ್ದು, ನಿಮ್ಮನ್ನಂತೂ... ಅಷ್ಟೇ. ಅಷ್ಟೇ ತಾನೇ? ಬೇರೆ ಏನೂ ಹೇಳಿಲ್ಲ ನಾನು.

ಯಾಕೆ ತಲೆ ತಗ್ಗಿಸಿದ್ರಿ?

ಇಲ್ಲ... ಅವತ್ತು ನಿಮಗೆ ಗಾಢ ನಿದ್ದೆ. ಗೊರಕೆ ಹೊಡೀತಿದ್ರಿ... ಹೊಡೀತಿದ್ರಿ ತಾನೇ? ಹೌದು ಅನ್ನಿ. ಇಲ್ಲಿ ನೋಡಿ, ನನ್ನ ಮುಖ ನೋಡಿ! ಎದೇಲಿ ಗಂಟಿದೆ, ಆಪರೇಷನ್ ಆಗ್ಬೇಕಂತೆ, ಭಯ ಆಗ್ತಿದೆ ಅಂದಿದ್ದು... ಅದೂ ಕೇಳಿಸಿತ್ತಾ?

ಅಯ್ಯೋ.

ನೀವು ಗಾಬರಿಯಾಗ್ತೀರಿ ಅಂತ ಮುಚ್ಚಿಟ್ಟಿದ್ದೆ ಕಣ್ರೀ. ಅಕ್ಕನ ಮನೆಗೆ ಅಂತ ಸುಳ್ಳು ಹೇಳಿ, ನನ್ನ ಚೀಲ ನಾನೇ ಹೊತ್ಕೊಂಡು, ಒಬ್ಬಳೇ ಹೋಗಿ ಆಪರೇಷನ್ ಮಾಡಿಸ್ಕೊಂಡು ಬಂದೆ. ಎಲ್ಲಾ ಗೊತ್ತಿಟ್ಕೊಂಡು ಬಾಗಿಲ ತನಕ ಬಂದು, 'ಅಕ್ಕನನ್ನ ಕೇಳಿದೆ ಅಂತ ಹೇಳು' ಅಂದ್ರಲ್ಲ... ಹೇಗ್ರೀ ಬಂತು ಆ ಮಾತು ನಿಮ್ಮ ಬಾಯಿಗೆ?