ಹೈಪೋ ಅಲ್ಲ, ಹೈಡ್ರೋ

ಮೆತ್ತಗೆ ಮಾತಾಡಿ, ಒಳಗೆ ಮಕ್ಕಳು ಮಲಗಿದಾರೆ. ಇದು ನಮ್ಮ ಚಿಕ್ಕಮ್ಮನ ಮಗಳಿಗೆ ಆಗಿದ್ದು. ಅವಳಿಗೆ ಸುಳ್ಳು ಹೇಳೋಕೆ ಬರಲ್ಲ. ಹೇಳೋಕೆ ಹೋದ್ರೆ ಕಿವಿ ಕೆಂಪಾಗುತ್ತೆ.

ಕುಡಿಯೋ ನೀರು ಶುದ್ಧ ಮಾಡೋ ಘಟಕದಲ್ಲಿ ಅವಳು ಲ್ಯಾಬ್ ನೋಡ್ಕೋತಿದ್ಲು. ರಾತ್ರಿ ಪಾಳಿ ಮುಗಿಸಿ ಬರೋಕೆ ಹಿಂಬಾಗಿಲ ದಾರಿ ಹತ್ತಿರ. ಆ ದಾರೀಲಿ ಒಂದು ಹಾಳು ಬಾವಿ. ಮೇಲೆ ಕಬ್ಬಿಣದ ಮುಚ್ಚಳ, ಅದಕ್ಕೆ ಬೀಗ.

ಅವತ್ತು ಬಾವಿ ದಾಟೋವಾಗ... ಕೆಮ್ಮು. ಒಣ ಕೆಮ್ಮು. ಖೊರ್... ಖೊರ್... ಕೊನೇಲಿ ಸಣ್ಣ ಸೀಟಿ ಥರ ಉಸಿರು ಎಳ್ಕೊಳ್ಳೋ ಸದ್ದು. ಮುಚ್ಚಳದ ಕೆಳಗಿಂದ.

"ಮೇಡಂ..."

ಪಂಪಣ್ಣನ ದನಿ.

ಪಂಪಣ್ಣ ಅಂದ್ರೆ ಘಟಕದ ಪಂಪ್ ನಡೆಸ್ತಿದ್ದವನು. ಬಡ್ತಿಗೆ ಒಂದು ಪರೀಕ್ಷೆ ಪಾಸಾಗಬೇಕಿತ್ತು. ಅದಕ್ಕೆ ಬೇಕಾದ ಆಮ್ಲಗಳ ಹೆಸರು ಟೀ ಹೊತ್ತಲ್ಲಿ ಇವಳೇ ಹೇಳಿಕೊಡ್ತಿದ್ಲು. ಅಯಾನು, ಅಂದ್ರೆ ಆಮ್ಲದಿಂದ ಬರೋ ಕಣ, ಅದರ ಹೆಸರು 'ಏಟ್' ಅಂತ ಮುಗಿದ್ರೆ ಆಮ್ಲದ ಹೆಸರು 'ಇಕ್' ಅಂತ ಮುಗಿಯುತ್ತೆ. 'ಐಟ್' ಅಂತ ಮುಗಿದ್ರೆ 'ಅಸ್'. 'ಐಡ್' ಆದ್ರೆ ಮೊದಲಲ್ಲಿ 'ಹೈಡ್ರೋ', ಕೊನೇಲಿ 'ಇಕ್'. ಪಾಪ, ಉಳಿದದ್ದೆಲ್ಲ ಬರ್ತಿತ್ತು. ಹೈಪೋ, ಹೈಡ್ರೋ ಮಾತ್ರ ಅದಲುಬದಲು. "ಹೆಂಡ್ತಿ ಹುಟ್ಟಿದ ದಿನಾನೇ ನೆನಪಿರಲ್ಲ ಮೇಡಂ, ಇನ್ನು ಇವುಗಳ ಹೆಸರಾ!" ಅಂತ ನಗ್ತಿದ್ದ.

ಪರೀಕ್ಷೆಗೆ ಇನ್ನೊಂದೇ ದಿನ ಇತ್ತು. ಮೇಸ್ತ್ರಿ "ಟ್ಯಾಂಕಿಗೆ ಹೈಪೋ ಹಾಕು" ಅಂದ. ಕ್ರಿಮಿ ಕೊಲ್ಲೋ ಹೈಪೋಕ್ಲೋರೈಟು. ಇವನು ಎತ್ತಿ ಸುರಿದಿದ್ದು ಹೈಡ್ರೋಕ್ಲೋರಿಕ್ ಆಮ್ಲ. ಟ್ಯಾಂಕಿನ ತಳದಲ್ಲಿ ಹಳೇ ಹೈಪೋ ಇತ್ತು. ಎರಡೂ ಸೇರಿ ಹಸಿರು ಹೊಗೆ ಎದ್ದಿತು, ಕ್ಲೋರಿನ್ನು; ಉಸಿರೂ ಕಟ್ಟಿಸುತ್ತೆ, ಬಟ್ಟೆ ಬಣ್ಣಾನೂ ತಿಂದುಹಾಕುತ್ತೆ. ಆಸ್ಪತ್ರೆ ಮುಟ್ಟೋ ಹೊತ್ತಿಗೆ... ಆಗಿಹೋಗಿತ್ತು. ಆ ಟ್ಯಾಂಕಿನ ನೀರನ್ನೆಲ್ಲ ಆಮೇಲೆ ಈ ಬಾವಿಗೇ ಬಿಟ್ಟು ಬೀಗ ಹಾಕಿದ್ರು.

ಅವನ ದನಿ ಅದು.

"ಮೇಡಂ... ಕ್ಲೋರೈಡ್ ಆದ್ರೆ?"

ಇವಳು ಬಾವಿ ಕಡೆ ತಿರುಗಿದ್ಲು. ಹೇಗೋ ಪಿಸುಗುಟ್ಟಿದ್ಲು. "ಹೈಡ್ರೋಕ್ಲೋರಿಕ್."

"ಹಾಂ... ಹೈಪೋಕ್ಲೋರಿಕ್."

ಖೊರ್... ಖೊರ್... ಸೀಟಿ.

ಮಾರನೇ ರಾತ್ರಿ ಗಂಡನ್ನ ಕರ್ಕೊಂಡು ಹೋದ್ಲು. ಅವನು ಬಸ್ ಕಂಡಕ್ಟರ್, ಯಾವ ರೌಡಿಗೂ ಹೆದರಿದವನಲ್ಲ. ಕೆಮ್ಮು ಕೇಳಿದ್ದೇ ತಡ, ಅವಳ ಕೈ ಹಿಡಿದು ಎಳೆದ.

"ನಡಿ" ಅಂದ.

"ಇರಿ... ಒಂದ್ಸಲ ಸರಿ ಹೇಳಿದ್ರೆ ಹೋಗ್ತಾನೇನೋ."

ಕೂತು ಹೇಳಿಕೊಟ್ಲು ರೀ! ಬಾವಿಕಟ್ಟೆ ಮೇಲೆ, ಕತ್ತಲಲ್ಲಿ. ನೈಟ್ರೇಟ್? "ನೈಟ್ರಿಕ್." ನೈಟ್ರೈಟ್? "ನೈಟ್ರಸ್." ಸಲ್ಫೇಟ್? "ಸಲ್ಫ್ಯೂರಿಕ್." ಎಲ್ಲ ಸರಿ. ಇವಳಿಗೆ ಆಸೆ ಹುಟ್ಟಿತು.

"ಕ್ಲೋರೈಡ್?"

 ಕೆಳಗಿಂದ ಸಣ್ಣಗೆ... "ಹೈಪೋ..."

"ಅಲ್ಲ ಪಂಪಣ್ಣ, ಅಲ್ಲ!"

ಕೆಮ್ಮು.

ಗಂಡ ಅವಳ ಕಿವೀಲಿ ಹೇಳಿದ. "ಹೇಳಿಬಿಡು ಅವನಿಗೆ. ಅವನಿಗೆ ಗೊತ್ತಿಲ್ಲ."

ಅವಳು ಮುಚ್ಚಳಕ್ಕೆ ಬಾಯಿ ಹತ್ತಿರ ತಂದ್ಲು. "ಪಂಪಣ್ಣ... ಇನ್ನು ಓದೋದು ಬೇಡ. ನೀವು... ನೀವು ತೀರ್ಕೊಂಡಿದೀರಿ."

ಮುಚ್ಚಳದ ಕೆಳಗೆ ಖೊರ್... ಖೊರ್...

"ತಮಾಷೆ ಮಾಡಬೇಡಿ ಮೇಡಂ. ನಾಳೆ ಪರೀಕ್ಷೆ. ಇನ್ನೊಂದ್ಸಲ ಹೇಳಿ..."

ಅಲ್ಲೇ ಕೂತು ಅತ್ತಳಂತೆ. ಇನ್ನೇನು ಮಾಡ್ತಾಳೆ? ಗಂಡ ಎಳ್ಕೊಂಡು ಬಂದ. ಹಿಂದೆ ಆ ದನಿ ಕೇಳ್ತಾನೇ ಇತ್ತು... "ಇನ್ನೊಂದ್ಸಲ..."

ಆಮೇಲೂ ಸುಮಾರು ದಿನ ಹೋಗಿ ಹೇಳಿಕೊಟ್ಲು. ಕೊನೆಗೆ ಲ್ಯಾಬಲ್ಲೇ ಅವಳ ನಾಲಿಗೆ ತಪ್ಪೋಕೆ ಶುರುವಾಯ್ತು. ಬಾಟಲಿ ಕೈಲಿ ಹಿಡಿದು ಹೆಸರು ಹೇಳೋಕಾಗದೆ ನಿಂತುಬಿಡೋಳು. ಕುಡಿಯೋ ನೀರಿನ ಕೆಲಸ ಅದು. ಬಿಟ್ಲು.

ಈಗ ಬೇರೆ ಕಡೆ ಮನೆ ಮಾಡಿದಾರೆ. ಹೋದ ವಾರ ಹೋಗಿದ್ದೆ, ಹಗ್ಗದ ಮೇಲೆ ಅವಳು ಬಾವಿ ಹತ್ರ ಹೋಗುವಾಗ ಹಾಕ್ಕೋತಿದ್ದ ಕಡುನೀಲಿ ಸ್ವೆಟರ್ ಒಣಗ್ತಿತ್ತು. ಬಲಭುಜದ ಮೇಲೆ ಯಾರೋ ಹಿಂದಿಂದ ಕೈಯಿಟ್ಟ ಹಾಗೆ ನಾಲ್ಕು ಬೆರಳಿನ ಗುರುತು ಬಣ್ಣ ಹೋಗಿ ಬೆಳ್ಳಗಾಗಿದೆ. ಎರಡು ಸಲ ಬಣ್ಣ ಹಾಕಿಸಿದ್ರೂ ಹಿಡೀಲಿಲ್ವಂತೆ. ನೀವು ನಂಬ್ತೀರೋ ಬಿಡ್ತೀರೋ, ನಾನಂತೂ ಈ ಕೈಯಾರೆ ಮುಟ್ಟಿ ನೋಡಿದೀನಿ.